43ನೇ ಮಣಿ: ಒಂದು ಪುಟ್ಟ ಪ್ರೋಟೀನು ಸ್ಟ್ರೆಪ್ಟೋಮೈಸಿನ್‌ನ ಆಟ ಕೆಡಿಸಿದ ಕತೆ

ದಾಳಿಂಬೆ ಬೆಳೆಯುವವರಿಗೆ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣ ಗೊತ್ತಿರುತ್ತದೆ. ಬರೀ ಆರು ಗ್ರಾಂ ತೂಕ, ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ದುಂಡಾಣು ಅಂಗಮಾರಿ ಬಂತೆಂದರೆ ಕಾಯಿಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಆಮೇಲೆ ಆ ಚುಕ್ಕೆಯಿಂದಲೇ ಕಾಯಿ ಸೀಳಿಕೊಳ್ಳುತ್ತದೆ. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಚಿತ್ರದುರ್ಗದ ಕಡೆ ಎಷ್ಟೋ ತೋಟಗಳು ಈ ರೋಗಕ್ಕೆ ಸಿಕ್ಕಿವೆ. ಲೀಟರ್ ನೀರಿಗೆ ಅರ್ಧ ಗ್ರಾಂ ಪುಡಿ, ಜೊತೆಗೊಂದಿಷ್ಟು ತಾಮ್ರದ ಔಷಧಿ ಕಲಸಿ ಹೊಡೆಯುವುದು ರೂಢಿ.

ಆ ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಿ. ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್ ಸಲ್ಫೇಟ್, ಉಳಿದ ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರಿಗೆ ಕೊಡುವ ಔಷಧಿಗಳೇ. ಅದರಲ್ಲೂ ಸ್ಟ್ರೆಪ್ಟೋಮೈಸಿನ್ ಟಿಬಿಯನ್ನು ಮೊಟ್ಟಮೊದಲು ತಡೆದು ನಿಲ್ಲಿಸಿದ ಔಷಧಿ. ಗಿಡದ ರೋಗಾಣುವಿಗೂ ಮನುಷ್ಯನ ಶ್ವಾಸಕೋಶದ ರೋಗಾಣುವಿಗೂ ಒಂದೇ ಮದ್ದು ಹೇಗೆ ನಾಟುತ್ತದೆ? ಎರಡರ ಒಳಗೂ ಒಂದೇ ಬಗೆಯ ಯಂತ್ರ ಇದೆ, ಔಷಧಿ ಹೋಗಿ ಕೂರುವುದು ಆ ಯಂತ್ರದಲ್ಲಿ. ಅದರ ಹೆಸರು ರೈಬೋಸೋಮ್. ಮದ್ದು ನಾಟದೇ ಹೋದಾಗ ಎರಡೂ ಕಡೆ ಅದೇ ಯಂತ್ರದ ಅದೇ ಒಂದು ಬಿಡಿಭಾಗ ಬದಲಾಗಿರುವುದುಂಟು. ಆ ಬಿಡಿಭಾಗದ ಹೆಸರು ಎಸ್12.

ಮೊದಲು ಯಂತ್ರವನ್ನು ನೋಡೋಣ. ಜೀವಕೋಶದಲ್ಲಿ ಕೆಲಸ ಮಾಡುವ ಹೆಚ್ಚಿನ ವಸ್ತುಗಳು ಪ್ರೋಟೀನುಗಳು. ಪ್ರೋಟೀನ್ ಎಂದರೆ ಮಣಿಸರ ಅಂದುಕೊಳ್ಳಿ. ಮಣಿಗಳಲ್ಲಿ ಇಪ್ಪತ್ತು ಬಗೆ, ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ. ಯಾವ ಮಣಿ ಆದಮೇಲೆ ಯಾವುದು ಎನ್ನುವುದು ಡಿಎನ್‌ಎಯಲ್ಲಿ ಬರೆದಿರುತ್ತದೆ. ಅದರ ನಕಲು ಚೀಟಿಯೊಂದು ರೈಬೋಸೋಮಿಗೆ ಬರುತ್ತದೆ. ಚೀಟಿಯ ಮೂರು ಮೂರು ಅಕ್ಷರಕ್ಕೆ ಒಂದು ಮಣಿ. ಮಣಿಗಳನ್ನು ಹೊತ್ತು ತರಲು ಟಿ-ಆರ್‌ಎನ್‌ಎ ಎಂಬ ಆಳುಗಳಿದ್ದಾರೆ. ರೈಬೋಸೋಮ್ ಚೀಟಿ ಓದುತ್ತದೆ, ಬಂದ ಆಳು ಸರಿಯಾದವನಾ ಅಂತ ಪರೀಕ್ಷೆ ಮಾಡುತ್ತದೆ, ಆಮೇಲೆ ಮಣಿ ಪೋಣಿಸುತ್ತದೆ. ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಸೆಕೆಂಡಿಗೆ ಹದಿನೈದಿಪ್ಪತ್ತು ಮಣಿಗಳ ವೇಗದಲ್ಲಿ ನಡೆಯುತ್ತದೆ. ತಪ್ಪುವುದು ಸಾವಿರದಿಂದ ಹತ್ತು ಸಾವಿರ ಮಣಿಗಳಿಗೆ ಒಂದು.

ರೈಬೋಸೋಮಿಗೆ ಎರಡು ಹೋಳು. ಬ್ಯಾಕ್ಟೀರಿಯಾದಲ್ಲಿ ಚಿಕ್ಕ ಹೋಳಿಗೆ 30ಎಸ್, ದೊಡ್ಡದಕ್ಕೆ 50ಎಸ್ ಎಂದು ಹೆಸರು. ಚೀಟಿ ಓದುವುದು ಚಿಕ್ಕದು, ಮಣಿ ಪೋಣಿಸುವುದು ದೊಡ್ಡದು. ಎರಡೂ ಸೇರಿದರೆ 70ಎಸ್. ಮೂವತ್ತೂ ಐವತ್ತೂ ಕೂಡಿದರೆ ಎಂಬತ್ತಾಗಬೇಕಲ್ವಾ? ಇವು ತೂಕದ ಅಂಕಿಗಳಲ್ಲ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ಎಷ್ಟು ಬೇಗ ತಳ ಸೇರುತ್ತವೆ ಎನ್ನುವ ಅಳತೆ. ಅದಕ್ಕೇ ಕೂಡುವುದಿಲ್ಲ.

ಹೋಳುಗಳ ಒಳಗೆ ಇರುವುದು ಎರಡೇ ಬಗೆಯ ಸಾಮಾನು: ಆರ್‌ಎನ್‌ಎ ಮತ್ತು ಪ್ರೋಟೀನ್. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಆರ್‌ಎನ್‌ಎಯದ್ದೇ. ಉಳಿದ ಒಂದು ಪಾಲು ರೈಬೋಸೋಮ್ ಪ್ರೋಟೀನುಗಳು, ಐವತ್ತಕ್ಕೂ ಜಾಸ್ತಿ ಬಗೆಯವು. ಹೆಸರಿಡುವಾಗ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿಲ್ಲ. ಚಿಕ್ಕ ಹೋಳಿನವು ಎಸ್1, ಎಸ್2 ಹೀಗೆ ಎಸ್21ರವರೆಗೆ. ದೊಡ್ಡ ಹೋಳಿನವು ಎಲ್1, ಎಲ್2 ಹೀಗೆ. ನಮ್ಮ ಜೀವಕೋಶದ ರೈಬೋಸೋಮ್ ಇನ್ನೂ ದೊಡ್ಡದು, ಅದರಲ್ಲಿ 80 ಪ್ರೋಟೀನುಗಳಿವೆ.

ಯಂತ್ರದ ಕೆಲಸವನ್ನೆಲ್ಲ ಪ್ರೋಟೀನುಗಳೇ ಮಾಡುತ್ತವೆ, ಆರ್‌ಎನ್‌ಎ ಬರೀ ಚೌಕಟ್ಟು ಎಂದು ಬಹಳ ವರ್ಷ ಹೆಚ್ಚಿನವರು ನಂಬಿದ್ದರು. 2000ದಲ್ಲಿ ಅದು ತಲೆಕೆಳಗಾಯಿತು. ಮೃತ ಸಮುದ್ರದ ಉಪ್ಪುನೀರಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯ ದೊಡ್ಡ ಹೋಳಿನ ಚಿತ್ರವನ್ನು ಥಾಮಸ್ ಸ್ಟೈಟ್ಸ್ ತಂಡ ಅಣು ಅಣುವಾಗಿ ಬಿಡಿಸಿತು. ಮಣಿಗೆ ಮಣಿ ಜೋಡಿಸುವ ಜಾಗದ ಆಸುಪಾಸಿನಲ್ಲಿ ಪ್ರೋಟೀನಿನ ಸುಳಿವೇ ಇರಲಿಲ್ಲ. ಅಲ್ಲಿದ್ದದ್ದು ಬರೀ ಆರ್‌ಎನ್‌ಎ. ಅದೇ ವರ್ಷ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರ ಕೇಂಬ್ರಿಜ್ ತಂಡ ಚಿಕ್ಕ ಹೋಳಿನ ಚಿತ್ರ ಕೊಟ್ಟಿತು. ಇವರಿಬ್ಬರಿಗೂ, ರೈಬೋಸೋಮನ್ನು ಹರಳುಗಟ್ಟಿಸಲು ಎಲ್ಲರಿಗಿಂತ ಮೊದಲು ಹಟ ಹಿಡಿದು ಕೂತ ಅದಾ ಯೋನತ್ ಅವರಿಗೂ 2009ರ ನೊಬೆಲ್ ಬಂತು.

ಹಾಗಾದರೆ ಪ್ರೋಟೀನುಗಳು ಸುಮ್ನೆ ಕೂತಿರುತ್ತವಾ? ಇಲ್ಲ. ಆರ್‌ಎನ್‌ಎ ಉದ್ದನೆಯ ದಾರ, ತನ್ನ ಪಾಡಿಗೆ ಬಿಟ್ಟರೆ ಎಲ್ಲೆಲ್ಲೋ ಸುತ್ತಿಕೊಂಡು ಗಂಟಾಗುತ್ತದೆ. ಅದನ್ನು ಸರಿಯಾದ ಆಕಾರಕ್ಕೆ ಮಡಚಿ ಹಿಡಿಯುವುದೇ ಪ್ರೋಟೀನುಗಳ ದೊಡ್ಡ ಕೆಲಸ. ಇದನ್ನು 1968ರಲ್ಲಿ ಮಸಯಾಸು ನೊಮುರಾ ಚೆಂದವಾಗಿ ತೋರಿಸಿಕೊಟ್ಟರು. ಚಿಕ್ಕ ಹೋಳನ್ನು ಪೂರ್ತಿ ಬಿಚ್ಚಿ, ಆರ್‌ಎನ್‌ಎ ಒಂದು ಕಡೆ ಪ್ರೋಟೀನುಗಳನ್ನು ಒಂದು ಕಡೆ ಮಾಡಿ, ಮತ್ತೆ ಒಟ್ಟಿಗೆ ಹಾಕಿ ಸ್ವಲ್ಪ ಬೆಚ್ಚಗೆ ಮಾಡಿದರು. ಎಲ್ಲ ತಾವಾಗಿಯೇ ಜೋಡಿಸಿಕೊಂಡು, ಕೆಲಸ ಮಾಡುವ ಹೋಳು ಎದ್ದು ನಿಂತಿತು! ಬಿಚ್ಚಿದ ಗಡಿಯಾರದ ಭಾಗಗಳನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿದರೆ ಟಿಕ್ ಟಿಕ್ ಶುರುವಾದ ಹಾಗೆ. ಒಂದೊಂದೇ ಪ್ರೋಟೀನನ್ನು ಬಿಟ್ಟು ಜೋಡಿಸಿ ನೋಡಿದರೆ ಯಾವುದು ಇಲ್ಲದಿದ್ದರೆ ಏನು ಕೆಡುತ್ತದೆ ಎನ್ನುವುದೂ ಗೊತ್ತಾಗುತ್ತಿತ್ತು.

ಈಗ ಎಸ್12. ಇದರಲ್ಲಿ ಇರುವುದು ಸುಮಾರು 124 ಮಣಿಗಳು, ಅಷ್ಟೇ. ಇದು ಕೂತಿರುವುದು ಎರಡು ಹೋಳುಗಳು ಸೇರುವ ಮುಖದಲ್ಲಿ, ಚೀಟಿ ಓದುವ ಜಾಗದ ಪಕ್ಕದಲ್ಲೇ. ಇದಕ್ಕೊಂದು ಉದ್ದ ಬಾಲ. ಕಲ್ಲಿನ ಸಂದಿಗೆ ಆಲದ ಬೇರು ಇಳಿದ ಹಾಗೆ ಆ ಬಾಲ ಆರ್‌ಎನ್‌ಎಯ ಮಡಿಕೆಗಳ ನಡುವೆ ನುಗ್ಗಿ ಹೋಳಿನ ಹಿಂಬದಿಯವರೆಗೂ ಹೋಗುತ್ತದೆ.

ಆಳು ಮಣಿ ಹೊತ್ತು ಬಂದಾಗ ಏನಾಗುತ್ತದೆ ನೋಡಿ. ಚೀಟಿಯ ಮೂರು ಅಕ್ಷರಕ್ಕೂ ಆಳಿನ ಮೂರು ಅಕ್ಷರಕ್ಕೂ ಸರಿಯಾಗಿ ಹೊಂದಿದರೆ ಚಿಕ್ಕ ಹೋಳು ಅವನ ಮೇಲೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡಿತು ಎಂದರೆ ಒಪ್ಪಿಗೆ. ಹೀಗೆ ಮುಚ್ಚಿಕೊಳ್ಳುವಾಗ ಒಂದು ಕಡೆ ಎಸ್12 ಆರ್‌ಎನ್‌ಎಯನ್ನು ಹೊಸದಾಗಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಕಡೆ ಎಸ್4 ಮತ್ತು ಎಸ್5 ಎಂಬ ಎರಡು ಪ್ರೋಟೀನುಗಳ ನಡುವಿನ ಬೆಸುಗೆ ಬಿಡುತ್ತದೆ. ಅಂದರೆ ಎಸ್12ರ ಹಿಡಿತ ಸಡಿಲವಾದರೆ ಮುಚ್ಚುವುದು ಕಷ್ಟ, ಆಗ ರೈಬೋಸೋಮ್ ಅತಿ ಶಿಸ್ತಿನದಾಗುತ್ತದೆ, ಕೆಲಸ ನಿಧಾನ. ಎಸ್4-ಎಸ್5 ಬೆಸುಗೆ ಸಡಿಲವಾದರೆ ಮುಚ್ಚುವುದು ಸಲೀಸು, ಆಗ ತಪ್ಪು ಆಳುಗಳೂ ಒಳಗೆ ನುಸುಳುತ್ತಾರೆ. ಎಲ್ಲ ಹಾಳೆಯನ್ನೂ ಮೂರು ಸಲ ಓದಿ ಫೈಲು ಮುಂದಕ್ಕೇ ಬಿಡದ ಗುಮಾಸ್ತ ಒಬ್ಬ, ಓದದೇ ಸೀಲು ಒತ್ತುವ ಗುಮಾಸ್ತ ಇನ್ನೊಬ್ಬ. ಬದುಕಬೇಕಾದ ಜೀವಕೋಶಕ್ಕೆ ಇಬ್ಬರ ನಡುವಿನವನು ಬೇಕು.

ಸ್ಟ್ರೆಪ್ಟೋಮೈಸಿನ್ ಕೈಹಾಕುವುದು ಇಲ್ಲೇ. ಅದು ಓದುವ ಜಾಗದ ಪಕ್ಕದ ಸಂದಿಯಲ್ಲಿ ಕೂತು ಹೋಳನ್ನು ಮುಚ್ಚಿಕೊಳ್ಳುವ ಕಡೆಗೇ ವಾಲಿಸುತ್ತದೆ. ತಪ್ಪು ಆಳಿಗೂ ಒಪ್ಪಿಗೆ ಸಿಗುತ್ತದೆ. ಬೇರೆ ಬೇರೆ ಮಣಿ ಸೇರಿ ಕೆಟ್ಟ ಪ್ರೋಟೀನುಗಳು ತುಂಬಿ ಬ್ಯಾಕ್ಟೀರಿಯಾ ಸಾಯುತ್ತದೆ. ಔಷಧಿಯನ್ನು ಹಿಡಿದಿಡುವುದು ಬಹುಪಾಲು ಆರ್‌ಎನ್‌ಎಯೇ. ಆದರೆ ಒಂದು ಕೈ ಎಸ್12ದು, ಅದರ ಒಂದು ಲೈಸಿನ್ ಮಣಿಯದು. ಟಿಬಿ ರೋಗಾಣುವಿನಲ್ಲಿ ಅದು 43ನೇ ಮಣಿ.

ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರ ಅಕ್ಟೋಬರಿನಲ್ಲಿ, ಅಮೆರಿಕದ ರಟ್ಗರ್ಸ್‌ನಲ್ಲಿ. ಸೆಲ್ಮನ್ ವಾಕ್ಸ್‌ಮನ್ ಲ್ಯಾಬಿನ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್, ವಯಸ್ಸು 23, ಮಣ್ಣಿನ ಜೀವಿ ಸ್ಟ್ರೆಪ್ಟೋಮೈಸಿಸ್ ಗ್ರೀಸಿಯಸ್‌ನಿಂದ ಇದನ್ನು ಬೇರ್ಪಡಿಸಿದ. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಅದಕ್ಕೂ ಮೊದಲೇ ಶಾಟ್ಜ್ ತನ್ನ ಗುರುವಿನ ಮೇಲೆ ಕೋರ್ಟಿಗೆ ಹೋಗಿದ್ದ. ನನ್ನನ್ನು ಕೇಳಿದರೆ ಆ ಬಹುಮಾನದಲ್ಲಿ ಆ ಹುಡುಗನಿಗೂ ಪಾಲು ಸಲ್ಲಬೇಕಿತ್ತು.

ಔಷಧಿಯ ದೊಡ್ಡ ಪರೀಕ್ಷೆ ನಡೆದದ್ದು ಬ್ರಿಟನ್ನಿನಲ್ಲಿ. ವರದಿ ಬಂದದ್ದು 1948ರಲ್ಲಿ. ಶ್ವಾಸಕೋಶದ ಟಿಬಿ ಇದ್ದ 107 ಜನರಲ್ಲಿ 55 ಮಂದಿಗೆ ಸ್ಟ್ರೆಪ್ಟೋಮೈಸಿನ್ ಮತ್ತು ವಿಶ್ರಾಂತಿ, ಉಳಿದ 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ ಸತ್ತವರು 4, ಪಡೆಯದವರಲ್ಲಿ 14. ಪವಾಡವೇ ಅನ್ನಬೇಕು. ಆದರೆ ಐದು ವರ್ಷ ಬಿಟ್ಟು ಲೆಕ್ಕ ತೆಗೆದಾಗ 55ರಲ್ಲಿ 32 ಮಂದಿ ಇರಲಿಲ್ಲ. ಇನ್ನೊಂದು ಗುಂಪಿನ 52ರಲ್ಲಿ 35. ಆರು ತಿಂಗಳಲ್ಲಿ ಕಂಡ ಅಷ್ಟು ದೊಡ್ಡ ಅಂತರ ಹೆಚ್ಚುಕಡಿಮೆ ಕರಗಿಹೋಗಿತ್ತು. ಔಷಧಿ ಪಡೆದ ಬಹಳಷ್ಟು ಜನರ ಕಫದಲ್ಲಿ ಸ್ಟ್ರೆಪ್ಟೋಮೈಸಿನ್‌ಗೆ ಬಗ್ಗದ ಟಿಬಿ ರೋಗಾಣು ಕೆಲವೇ ತಿಂಗಳಲ್ಲಿ ಕಾಣಿಸಿಕೊಂಡಿತ್ತು.

ಆಗ ಕಾರಣ ಯಾರಿಗೂ ಗೊತ್ತಿರಲಿಲ್ಲ. ಡಿಎನ್‌ಎಯ ಆಕಾರವೇ ಗೊತ್ತಿಲ್ಲದ ಕಾಲ ಅದು. ಈಗ ಗೊತ್ತು. ಔಷಧಿಗೆ ಬಗ್ಗದ ಟಿಬಿ ರೋಗಾಣುಗಳಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆ ಎಸ್12ರ 43ನೇ ಮಣಿಯಲ್ಲಿದೆ. ಡಿಎನ್‌ಎಯಲ್ಲಿ ಎ-ಎ-ಜಿ ಎಂದು ಇರುವ ಕಡೆ ಎ-ಜಿ-ಜಿ ಆಗಿರುತ್ತದೆ. ಒಂದೇ ಅಕ್ಷರ. ಅಷ್ಟಕ್ಕೆ ಲೈಸಿನ್ ಹೋಗಿ ಆರ್ಜಿನಿನ್ ಕೂರುತ್ತದೆ. ಎರಡೂ ದಾಯಾದಿಗಳೇ. ಎರಡಕ್ಕೂ ಧನ ವಿದ್ಯುದಂಶ ಇದೆ, ಉದ್ದವೂ ಹೆಚ್ಚುಕಡಿಮೆ ಒಂದೇ. ಆರ್ಜಿನಿನ್‌ನ ತುದಿ ಮಾತ್ರ ಸ್ವಲ್ಪ ಅಗಲ. ಹಾಗಾಗಿ ರೈಬೋಸೋಮಿಗೆ ಈ ಬದಲಾವಣೆ ಗೊತ್ತೇ ಆಗುವುದಿಲ್ಲ ಅನ್ನಬಹುದು, ಔಷಧಿಗೆ ಮಾತ್ರ ಆ ಸಂದಿಯಲ್ಲಿ ಕೂರಲು ಆಗುವುದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಔಷಧಿ ಈ ಬದಲಾವಣೆಯನ್ನು ಹುಟ್ಟಿಸುವುದಿಲ್ಲ. ಶ್ವಾಸಕೋಶದ ಒಂದು ಗುಳಿಯಲ್ಲಿ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಅಷ್ಟರಲ್ಲಿ ಎಲ್ಲೋ ಒಂದರಲ್ಲಿ ಆ ಅಕ್ಷರ ತಾನಾಗಿಯೇ ತಪ್ಪಿರುತ್ತದೆ. ಔಷಧಿ ಉಳಿದವುಗಳನ್ನೆಲ್ಲ ಕೊಂದು ಆ ಒಂದಕ್ಕೆ ಹೊಲ ಬಿಟ್ಟುಕೊಡುತ್ತದೆ, ಅಷ್ಟೇ. ಟಿಬಿಗೆ ಎರಡು ಮೂರು ಔಷಧಿ ಒಟ್ಟಿಗೆ ಕೊಡುವ ಪದ್ಧತಿ ಬಂದದ್ದೂ ಇದಕ್ಕೇ. ಒಂದೇ ರೋಗಾಣುವಿನಲ್ಲಿ ಎರಡು ಬೇರೆ ಬೇರೆ ತಪ್ಪು ಒಟ್ಟಿಗೆ ಆಗಿರುವುದು ತೀರಾ ಅಪರೂಪ. ಹಾಗಿದ್ದೂ ನಮ್ಮ ದೇಶದಲ್ಲಿ ಎರಡನೇ ಸಲ ಟಿಬಿ ಬಂದವರಿಗೆ ಹಳೆಯ ಮಾತ್ರೆಗಳ ಜೊತೆಗೇ ಸ್ಟ್ರೆಪ್ಟೋಮೈಸಿನ್ ಸೂಜಿ ಸೇರಿಸಿ ಕೊಡುವುದು ಬಹಳ ವರ್ಷ ನಡೆಯಿತು. ಸೋಲುತ್ತಿರುವ ಔಷಧಿಗಳಿಗೆ ಇನ್ನೊಂದನ್ನು ಮಾತ್ರ ಸೇರಿಸಿದರೆ ಆ ಇನ್ನೊಂದೂ ಸೋಲುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮ ಬೇಡ, ಯಾವ ಔಷಧಿ ನಾಟುತ್ತದೆ ಎಂದು ಪರೀಕ್ಷೆ ಮಾಡಿ ಕೊಡಿ ಎಂದಿತು.

ಆರ್‌ಎನ್‌ಎ ಇಷ್ಟೆಲ್ಲ ಮುಖ್ಯವಾಗಿರುವಾಗ ಬದಲಾವಣೆ ಪ್ರೋಟೀನಿನಲ್ಲೇ ಏಕೆ ಆಗಬೇಕು? ಉತ್ತರ ಎಣಿಕೆಯಲ್ಲಿದೆ. ನಮ್ಮ ಕರುಳಲ್ಲಿರುವ ಇ. ಕೋಲಿಯಲ್ಲಿ ರೈಬೋಸೋಮ್ ಆರ್‌ಎನ್‌ಎಯ ಜೀನುಗಳು ಏಳು ಪ್ರತಿ ಇವೆ. ಒಂದರಲ್ಲಿ ತಪ್ಪಾದರೂ ಉಳಿದ ಆರರಿಂದ ಹಳೆಯ ಬಗೆಯ ರೈಬೋಸೋಮ್ ಬರುತ್ತಲೇ ಇರುತ್ತದೆ, ಔಷಧಿ ಅದನ್ನು ಹಿಡಿಯುತ್ತದೆ. ಎಸ್12ರ ಜೀನು ಒಂದೇ ಪ್ರತಿ. ಅದು ಬದಲಾದರೆ ಹೊಸದಾಗಿ ಬರುವ ರೈಬೋಸೋಮುಗಳೆಲ್ಲ ಬದಲಾಗುತ್ತವೆ. ಟಿಬಿ ರೋಗಾಣುವಿನಲ್ಲಿ ಆರ್‌ಎನ್‌ಎಯ ಜೀನೂ ಒಂದೇ ಪ್ರತಿ, ಹಾಗಾಗಿ ಅದಕ್ಕೆ ಎರಡೂ ದಾರಿ ತೆರೆದಿದೆ.

ಎಸ್12ರಲ್ಲಿ ಬೇರೆ ಬದಲಾವಣೆಗಳೂ ಔಷಧಿಯನ್ನು ತಡೆಯುತ್ತವೆ, ಆದರೆ ಬೆಲೆ ತೆರಬೇಕು. ಕೆಲವು ರೈಬೋಸೋಮನ್ನು ಆ ಅತಿ ಶಿಸ್ತಿನ ಗುಮಾಸ್ತನನ್ನಾಗಿ ಮಾಡುತ್ತವೆ. ಕೆಲವಂತೂ ವಿಚಿತ್ರ. ಎಷ್ಟು ಬಿಗಿಯಾಗಿಬಿಡುತ್ತವೆ ಎಂದರೆ ಸ್ಟ್ರೆಪ್ಟೋಮೈಸಿನ್ ಇಲ್ಲದೆ ಬೆಳೆಯುವುದೇ ಇಲ್ಲ! ಕೊಲ್ಲಬೇಕಾದ ಔಷಧಿಯೇ ಅವುಗಳ ಬಿಗಿಯನ್ನು ಸ್ವಲ್ಪ ಸಡಿಲಿಸಿ ಬದುಕಿಸುತ್ತದೆ. ಇಂಥ ಬ್ಯಾಕ್ಟೀರಿಯಾ 1947ರಷ್ಟು ಹಿಂದೆಯೇ ಕಂಡಿದ್ದವು.

ನಿಧಾನವಾದ ರೋಗಾಣು ಔಷಧಿ ನಿಲ್ಲಿಸಿದ ಮೇಲೆ ಪೈಪೋಟಿಯಲ್ಲಿ ಸೋಲಬೇಕು, ಹಳೆಯ ರೋಗಾಣು ಮತ್ತೆ ಮೇಲೆ ಬರಬೇಕು, ಅಲ್ವಾ? ಹಾಗೆಂದೇ ಬಹಳ ಜನ ಆಸೆ ಇಟ್ಟುಕೊಂಡಿದ್ದರು. ಪ್ರಯೋಗದಲ್ಲಿ ಔಷಧಿ ಇಲ್ಲದೆ ತಲೆಮಾರುಗಟ್ಟಲೆ ಬೆಳೆಸಿ ನೋಡಿದರೆ ಹೆಚ್ಚಿನವು ಹಳೆಯ ದಾರಿಗೆ ಮರಳಲಿಲ್ಲ. ಎಸ್4ರಲ್ಲೋ ಎಸ್5ರಲ್ಲೋ ಇನ್ನೊಂದು ಬದಲಾವಣೆ ಮಾಡಿಕೊಂಡು ವೇಗವನ್ನು ಮರಳಿ ಪಡೆದವು, ಎಸ್12ನ್ನು ಹಾಗೇ ಇಟ್ಟುಕೊಂಡವು. ಇನ್ನು ಲೈಸಿನ್‌ನಿಂದ ಆರ್ಜಿನಿನ್ ಆದದ್ದಕ್ಕೆ ತೆರುವ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ರೋಗಿಗಳಲ್ಲಿ ಇದೇ ಜಾಸ್ತಿ ಕಾಣುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ತೋಟದ ಕಡೆಗೆ ಬರೋಣ. ಅಮೆರಿಕದಲ್ಲಿ ಸೇಬು ಮತ್ತು ಪೇರ್ ಮರಗಳಿಗೆ ಎರ್ವಿನಿಯಾ ಎಂಬ ಬ್ಯಾಕ್ಟೀರಿಯಾದಿಂದ ಒಂದು ರೋಗ ಬರುತ್ತದೆ. ಬೆಂಕಿ ತಗುಲಿದ ಹಾಗೆ ಹೂವು, ಚಿಗುರು ಕಪ್ಪಾಗಿ ಸುಟ್ಟುಹೋಗುತ್ತವೆ. ಅದಕ್ಕೂ ಸ್ಟ್ರೆಪ್ಟೋಮೈಸಿನ್ ಹೊಡೆಯುತ್ತಿದ್ದರು. 1970ರ ದಶಕದ ಆರಂಭಕ್ಕೆ ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ ಔಷಧಿ ನಾಟದಂತಾಯಿತು. ಪಶ್ಚಿಮ ಕರಾವಳಿಯ ಆ ಬ್ಯಾಕ್ಟೀರಿಯಾಗಳ ಜೀನು ಓದಿದಾಗ ಸಿಕ್ಕಿದ್ದು ಏನು? ಎಸ್12, 43ನೇ ಮಣಿ, ಲೈಸಿನ್ ಹೋಗಿ ಆರ್ಜಿನಿನ್. ಟಿಬಿ ರೋಗಾಣುವಿಗೂ ಇದಕ್ಕೂ ಕೋಟ್ಯಂತರ ವರ್ಷಗಳ ದೂರ, ಆದರೂ ತಪ್ಪಿಸಿಕೊಳ್ಳಲು ಅಗೆದ ಕಿಂಡಿ ಒಂದೇ. ನಮ್ಮಲ್ಲಿ 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗಳಿಗೆ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಸುವುದನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿತು.

ದೊಡ್ಡ ಹೋಳಿನಲ್ಲೂ ಇಂಥ ಕತೆಗಳಿವೆ. ಪೋಣಿಸಿದ ಸರ ಹೊರಗೆ ಬರಲು ಅಲ್ಲೊಂದು ಸುರಂಗ ಇದೆ, ಶಾವಿಗೆ ಒರಳಿನ ತೂತಿನ ಹಾಗೆ. ಎರಿತ್ರೋಮೈಸಿನ್ ಆ ಸುರಂಗದಲ್ಲಿ ಕೂತು ದಾರಿ ಕಟ್ಟುತ್ತದೆ. ಸುರಂಗದ ಇಕ್ಕಟ್ಟಾದ ಜಾಗದಲ್ಲಿ ಎಲ್4 ಮತ್ತು ಎಲ್22 ಎಂಬ ಪ್ರೋಟೀನುಗಳು ಮೂತಿ ಚಾಚಿವೆ. ಎಲ್22ರಲ್ಲಿ ಮೂರು ಮಣಿ ಬಿದ್ದುಹೋದರೆ ಸುರಂಗ ಅಗಲವಾಗುತ್ತದೆ. ಮಜಾ ಎಂದರೆ ಔಷಧಿ ಆಗಲೂ ಒಳಗೆ ಬಂದು ಕೂರುತ್ತದೆ. ಸರ ಮಾತ್ರ ಅದರ ಪಕ್ಕದಿಂದ ನುಸುಳಿ ಹೊರಗೆ ಹೋಗುತ್ತದೆ.

ಇವತ್ತಿಗೆ ಹೆಚ್ಚು ಕಾಳಜಿ ಬೇಕಾದದ್ದು ಲಿನೆಜೋಲಿಡ್ ಬಗ್ಗೆ. ಹಲವು ಔಷಧಿಗೆ ಬಗ್ಗದ ಟಿಬಿಗೆ ಹಿಂದೆ 20 ತಿಂಗಳವರೆಗೂ ಚಿಕಿತ್ಸೆ ಬೇಕಿತ್ತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆರು ತಿಂಗಳ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು: ಬೆಡಾಕ್ವಿಲಿನ್, ಪ್ರೆಟೋಮಾನಿಡ್, ಲಿನೆಜೋಲಿಡ್, ಬೇಕಾದರೆ ಮಾಕ್ಸಿಫ್ಲಾಕ್ಸಸಿನ್. ಇದರಲ್ಲಿ ಲಿನೆಜೋಲಿಡ್ ಕೆಲಸ ಮಾಡುವುದು ರೈಬೋಸೋಮಿನ ದೊಡ್ಡ ಹೋಳಿನ ಮೇಲೆ, ಮಣಿ ಜೋಡಿಸುವ ಜಾಗದಲ್ಲೇ. ಅದಕ್ಕೆ ಬಗ್ಗದ ಟಿಬಿಯಲ್ಲಿ ಮತ್ತೆ ಮತ್ತೆ ಕಾಣುವುದು ಎಲ್3 ಪ್ರೋಟೀನಿನ 154ನೇ ಮಣಿ: ಸಿಸ್ಟೀನ್ ಹೋಗಿ ಆರ್ಜಿನಿನ್. ಎಲ್3 ಔಷಧಿಯನ್ನು ಮುಟ್ಟುವುದೂ ಇಲ್ಲ. ಸ್ವಲ್ಪ ದೂರದಿಂದಲೇ ನಡುವಿನ ಆರ್‌ಎನ್‌ಎಯನ್ನು ತಳ್ಳಿ ಔಷಧಿಯ ಕುರ್ಚಿಯನ್ನೇ ಸೊಟ್ಟ ಮಾಡುತ್ತದೆ.

ಈ ಔಷಧಿಗಳು ನಮ್ಮ ರೈಬೋಸೋಮನ್ನು ಏಕೆ ಕೊಲ್ಲುವುದಿಲ್ಲ? ನಮ್ಮದರ ವಿನ್ಯಾಸ ಸಾಕಷ್ಟು ಬೇರೆ. ಆದರೆ ನಮ್ಮ ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದೊಳಗೆ ಅದರದ್ದೇ ಚಿಕ್ಕ ರೈಬೋಸೋಮ್ ಇದೆ, ಅದು ಬ್ಯಾಕ್ಟೀರಿಯಾದ ವಂಶದ್ದು. ಲಿನೆಜೋಲಿಡ್ ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಅಂಗಾಲು ಉರಿ, ಜೋಮು, ರಕ್ತ ಕಡಿಮೆಯಾಗುವುದು ಇದರಿಂದಲೇ. ಸ್ಟ್ರೆಪ್ಟೋಮೈಸಿನ್ ಬಗೆಯ ಔಷಧಿ ಕೊಟ್ಟ ಕೆಲವರಿಗೆ ಕಿವಿ ಹೋಗುವುದಕ್ಕೂ ಇಲ್ಲಿ ಒಂದು ಕಾರಣ ಇದೆ. ಮೈಟೋಕಾಂಡ್ರಿಯಾ ಆರ್‌ಎನ್‌ಎಯಲ್ಲಿ ಒಂದು ಅಕ್ಷರ ಬೇರೆಯಿದ್ದು, ಆ ಜಾಗ ಬ್ಯಾಕ್ಟೀರಿಯಾದ್ದರ ಹಾಗೇ ಕಾಣುವ ಮನೆತನಗಳಿವೆ. ತಾಯಿಯಿಂದ ಮಕ್ಕಳಿಗೆ ಬರುತ್ತದೆ.

ನಮ್ಮ 80 ಪ್ರೋಟೀನುಗಳಲ್ಲೂ ಲೆಕ್ಕ ತಪ್ಪಿದರೆ ಕಷ್ಟವೇ. ಎಸ್19ರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟ ಮಕ್ಕಳಿಗೆ ಮೊದಲ ವರ್ಷದಲ್ಲೇ ತೀವ್ರ ರಕ್ತಹೀನತೆ ಬರುವುದುಂಟು, ಡೈಮಂಡ್-ಬ್ಲ್ಯಾಕ್‌ಫ್ಯಾನ್ ರಕ್ತಹೀನತೆ ಎಂದು ಹೆಸರು. ಎಸ್19ರ ನಂಟು ಗೊತ್ತಾದದ್ದು 1999ರಲ್ಲಿ. ಮೈಯ ಎಲ್ಲ ಕಡೆ ಇರುವ ಪ್ರೋಟೀನು ಕೆಟ್ಟರೆ ರಕ್ತಕ್ಕೇ ಏಕೆ ಮೊದಲ ಪೆಟ್ಟು? ಒಂದು ಕಾರಣ ಹೀಗೆ. ರೈಬೋಸೋಮ್ ಕಟ್ಟುವ ಕೆಲಸ ಅರ್ಧಕ್ಕೆ ನಿಂತರೆ ಎಲ್5, ಎಲ್11 ಕೆಲಸವಿಲ್ಲದೆ ಉಳಿಯುತ್ತವೆ. ಆಗ ಅವು ಎಂಡಿಎಂ2 ಎಂಬ ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತವೆ. ಪಿ53 ಎಂಬ ಕಾವಲುಗಾರನನ್ನು ಸುಮ್ಮನಿರಿಸುತ್ತಿದ್ದದ್ದು ಅದೇ. ಪಿ53 ಎದ್ದರೆ ಜೀವಕೋಶ ಬೆಳೆಯುವುದನ್ನು ನಿಲ್ಲಿಸುತ್ತದೆ, ಇಲ್ಲವೇ ಸಾಯುತ್ತದೆ. ಬಿಡುವಿಲ್ಲದೆ ಪ್ರೋಟೀನ್ ಮಾಡುತ್ತಿರುವ ಎಳೆಯ ರಕ್ತಕಣಗಳಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಯಂತ್ರದ ಬಿಡಿಭಾಗಗಳೇ ಯಂತ್ರ ಕೆಟ್ಟಿದೆ ಎಂದು ಗಂಟೆ ಹೊಡೆಯುವ ವ್ಯವಸ್ಥೆ ಇದು.

ಇಷ್ಟೆಲ್ಲ ಆದಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಸ್ಟ್ರೆಪ್ಟೋಮೈಸಿನ್ ತಯಾರಿಸುವ ಆ ಮಣ್ಣಿನ ಜೀವಿಯೂ ಬ್ಯಾಕ್ಟೀರಿಯಾವೇ. ಅದರ ರೈಬೋಸೋಮೂ ಇದೇ ಬಗೆಯದು. ತಾನು ಮಾಡಿದ ವಿಷಕ್ಕೆ ತಾನೇ ಏಕೆ ಸಾಯುವುದಿಲ್ಲ? ಅದು 43ನೇ ಮಣಿಯ ಉಸಾಬರಿಗೇ ಹೋಗಿಲ್ಲ. ಮೈಯೊಳಗೆ ಇರುವಾಗ ಔಷಧಿಗೆ ಒಂದು ಫಾಸ್ಫೇಟ್ ತುಣುಕು ಅಂಟಿಸಿಟ್ಟಿರುತ್ತದೆ. ಆ ತುಣುಕು ಇರುವವರೆಗೆ ಔಷಧಿ ರೈಬೋಸೋಮಿನಲ್ಲಿ ಕೂರಲಾರದು. ಹೊರಗೆ ಸಾಗಿಸಿದ ಮೇಲೆ ಇನ್ನೊಂದು ಕಿಣ್ವ ಆ ತುಣುಕನ್ನು ಕಿತ್ತುಹಾಕುತ್ತದೆ. ಫಾಸ್ಫೇಟ್ ಅಂಟಿಸುವ ಇಂಥದ್ದೇ ಜೀನುಗಳು ಅಮೆರಿಕದ ಪೂರ್ವ ಭಾಗದ ಸೇಬಿನ ತೋಟಗಳ ಎರ್ವಿನಿಯಾದಲ್ಲೂ ಸಿಕ್ಕಿವೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ನೆಗೆಯುವ ಡಿಎನ್‌ಎ ತುಂಡಿನ ಮೇಲೆ.